ಪಂಕ್ತಿಯಲ್ಲಿ ಕೇಳಿದ ಹದಿನೈದು ಶಬ್ದಗಳು

ಮೊದಲ ದಿನ ಸೋಮಶೇಖರನನ್ನು ಎರಡು ತಾಸು ಬೆಂಚಿನ ಮೇಲೆ ಕೂರಿಸಿದ್ದೆ. ಇಸ್ತ್ರಿ ಮಾಡಿದ ಅಂಗಿ, ಕಾಲ ಬಳಿ ದಪ್ಪ ಕರಿ ಬ್ಯಾಗು. ಔಷಧಿ ಕಂಪನಿಯ ರೆಪ್ ಅಲ್ಲದೆ ಇನ್ಯಾರು ಅಂತ ನನ್ನ ಲೆಕ್ಕ. ಶಿರಸಿಯ ನಮ್ಮ ಲ್ಯಾಬಿಗೆ ದಿನಕ್ಕೆ ಇಬ್ಬರಾದರೂ ರೆಪ್‌ಗಳು ಬರುತ್ತಿದ್ದರು. ಅವರನ್ನು ಕಾಯಿಸುವುದು ನನಗೆ ಸಣ್ಣದೊಂದು ಸಂತೋಷ.

"ಡಾಕ್ಟರ್ ಇವತ್ತು ಬರೋದಿಲ್ಲ. ನಾಳೆ ಬನ್ನಿ," ಅಂದೆ ಕೊನೆಗೆ.

"ನಾ ಡಾಕ್ಟರ್‌ನ ನೋಡಾಕ ಬಂದಿಲ್ರಿ. ಪರಿಮಳಾ ಅನ್ನೋರನ್ನ ನೋಡಾಕ ಬಂದೀನಿ."

"ನಾನೇ ಪರಿಮಳಾ."

"ಗೊತ್ತೈತ್ರಿ. ಕೋಟಿನ ಮ್ಯಾಲ ಹೆಸರು ಐತಲ್ಲ."

"ಮತ್ತೆ ಎಂತಕ್ಕೆ ಎರಡು ತಾಸು ಸುಮ್ಮನೆ ಕೂತ್ರಿ?"

"ನೀವು ರಕ್ತ ತಗೊಳ್ಳೋದು ನೋಡಾಕತ್ತಿದ್ದೆ. ಹದಿನೇಳು ಮಂದಿ. ಒಬ್ಬರಿಗೂ ಎರಡನೇ ಸಲ ಸೂಜಿ ಚುಚ್ಚಲಿಲ್ಲ ನೀವು."

ಹೊಗಳಿದ್ದು ಖರೆ, ಆದರೆ ನನ್ನ ಮುಖ ನೋಡಿ ಅಲ್ಲ, ಕೈ ನೋಡಿ. ಹಾಗೆ ನೋಡಿದ ಮೊದಲ ಗಂಡಸು ಅವನು. ಮುಖ ನೋಡಲು ಬಂದ ಆರು ವರಗಳನ್ನು ಅಷ್ಟರಲ್ಲಿ ವಾಪಸು ಕಳಿಸಿದ್ದೆ.

ಅದು ಎರಡು ಸಾವಿರದ ಆರನೇ ಇಸವಿಯ ಅಕ್ಟೋಬರ್. ಅವನು ಹಾವೇರಿ ಕಡೆಯವನು, ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕಿನಲ್ಲಿ ಅರವತ್ತೈದು ದಾಟಿದ ಇನ್ನೂರ ಹನ್ನೆರಡು ಜನರ ರಕ್ತ ಬೇಕಿತ್ತು ಅವನಿಗೆ. ಅದನ್ನು ತೆಗೆಯುವ ಕೈ ಬೇಕಿತ್ತು. ಮನೆಯೊಳಗೆ ಕರೆಸಿಕೊಳ್ಳುವ ಬಾಯಿಯೂ ಬೇಕಿತ್ತು. ನನ್ನಲ್ಲಿ ಎರಡೂ ಇದ್ದವು. ಎರಡನೆಯದು ಅಗತ್ಯಕ್ಕಿಂತ ಜಾಸ್ತಿ ಅಂತ ಆಯಿಯ ದೂರು. ಅಪ್ಪ ಹೋದ ಮೇಲೆ ಶಿರಸಿಯ ಬಾಡಿಗೆ ಮನೆಯಲ್ಲಿ ತಾಯಿ ಮಗಳು ನಾವಿಬ್ಬರೇ ಇದ್ದೆವು, ದೂರು ಕೇಳಲು ಬೇರೆ ಯಾರೂ ಇರಲಿಲ್ಲ.

ಮೊದಲು ಹೋದದ್ದು ಸಿದ್ದಾಪುರ ತಾಲೂಕಿನ ತ್ಯಾಗಲಿಗೆ, ವೆಂಕಮ್ಮನ ಮನೆಗೆ. ಎಂಬತ್ತೊಂದು ವರ್ಷ, ಸೊಂಟ ನೆಟ್ಟಗೆ, ನಾಲಿಗೆ ಅದಕ್ಕಿಂತ ನೆಟ್ಟಗೆ. ನಾನು ಅವಳನ್ನು ಅಮ್ಮಮ್ಮ ಎನ್ನುತ್ತಿದ್ದೆ, ದೂರದ ಸಂಬಂಧವೂ ಇತ್ತು.

"ಯನ್ನ ರಕ್ತ ತಗಂಡು ಎಂತ ಮಾಡ್ತೆ ತಮ್ಮಾ?" ಅಂತ ನೇರ ಅವನನ್ನೇ ಕೇಳಿದಳು.

ಅವನು ಚಾಪೆಯ ಮೇಲೆ ಅವಳೆದುರು ಕೂತುಕೊಂಡ. "ಅಜ್ಜಿ, ನಮ್ಮ ಮೈಯಾಗ ಕ್ಲೋಥೋ ಅಂತ ಒಂದು ಹಾರ್ಮೋನ್ ಐತ್ರಿ. ಜಪಾನಿನವರು ಇಲಿಯಾಗ ಕಂಡುಹಿಡಿದ್ರು. ಅದು ಇಲ್ಲದ ಇಲಿ ಎರಡು ತಿಂಗಳಿಗೇ ಮುದಿ ಆಗತೈತಿ. ಜಾಸ್ತಿ ಇದ್ದ ಇಲಿ ಜಾಸ್ತಿ ದಿನ ಬಾಳತೈತಿ."

"ಯಂಗೆ ಈಗಾಗ್ಲೇ ಜಾಸ್ತಿ ಆತು. ಮುಂದೆ ಹೇಳು."

"ದೊಡ್ಡವರಾದ ಮ್ಯಾಲ ಮೆದುಳಿನಾಗ ಹೊಸ ನರಕೋಶ ಹುಟ್ಟೂದಿಲ್ಲ ಅಂತ ಭಾಳ ದಿನ ನಂಬಿದ್ರು. ಹುಟ್ಟತಾವ ಅಂತ ಈಗ ಹೇಳ್ತಾರ. ನೆನಪು ಕೂಡಿಡೋ ಒಂದು ಮೂಲೆ ಐತಿ, ಅಲ್ಲಿ, ಮುಪ್ಪಿನಾಗೂ. ಈ ಹಾರ್ಮೋನ್ ಜಾಸ್ತಿ ಇದ್ದವರಿಗೆ ಅವು ಜಾಸ್ತಿ ಹುಟ್ಟತಾವೇನು ಅಂತ ನನ್ನ ಪ್ರಶ್ನೆ."

"ಅದನ್ನ ಹ್ಯಾಂಗೆ ಎಣಿಸ್ತೆ? ತಲೆ ಒಡೆದು ನೋಡ್ತ್ಯಾ?"

"ಇಲಿದಾದ್ರ ನೋಡಬಹುದು. ನಿಮ್ಮದು ಬ್ಯಾಡ್ರಿ. ಅದಕ್ಕ ನೆನಪಿನ ಪರೀಕ್ಷೆ ಮಾಡ್ತೀವಿ. ಹೊಸಾದು ಎಷ್ಟು ಹಿಡೀತೀರಿ ಅಂತ ನೋಡ್ತೀವಿ."

ಪರೀಕ್ಷೆ ಸುಲಭದ್ದು. ಹದಿನೈದು ಶಬ್ದ ಓದುವುದು, ಅರ್ಧ ತಾಸು ಬೇರೆ ಮಾತಾಡುವುದು, ನೆನಪಿದ್ದದ್ದನ್ನು ಹೇಳಿಸಿ ಹೇಳಿದ ಕ್ರಮದಲ್ಲೇ ಬರೆದುಕೊಳ್ಳುವುದು. ವರ್ಷದ ಮೇಲೆ ಅದೇ ಶಬ್ದಗಳಿಂದ ಇನ್ನೊಂದು ಸುತ್ತು. ವರ್ಷದೊಳಗೆ ಯಾವ ಮುದುಕರಿಗೂ ಅವು ನೆನಪಿರುವುದಿಲ್ಲ ಅಂತ ಬೆಂಗಳೂರಿನ ಗೈಡು ಹೇಳಿದ್ದರಂತೆ. ಅವರು ನಮ್ಮ ಕಡೆಯ ಮುದುಕರನ್ನು ಕಂಡವರಲ್ಲ.

ವೆಂಕಮ್ಮ ಐದು ಹೇಳಿದಳು. ಆರನೆಯದಕ್ಕೆ ಬಾಯಿ ತೆರೆದು ಮುಚ್ಚಿದಳು. ನಾವು ಹೊರಡುವಾಗ ಅವಳ ಮುಖ ಸಣ್ಣದಾಗಿತ್ತು.

ಅವನ ಬೈಕಿನಲ್ಲಿ ನಮ್ಮ ತಿರುಗಾಟ. ಮುಂದೆ ಅವನು, ಹಿಂದೆ ನಾನು, ನಡುವೆ ರಕ್ತದ ಕೊಳವೆಗಳ ಐಸ್ ಡಬ್ಬಿ. ಊರವರ ಬಾಯಿಗೆ ಆ ಡಬ್ಬಿಯೇ ಬೀಗ. ಇಬ್ಬರ ನಡುವೆ ಒಂದು ಮೊಳ ಜಾಗ ಇದೆ ಅಂತ ಯಾರು ಬೇಕಾದರೂ ನೋಡಬಹುದಿತ್ತು. ಕನ್ನಡಿಯಲ್ಲಿ ಅವನು ನನ್ನನ್ನು ನೋಡುವುದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ನಾನು ನೋಡಿದ ಕೂಡಲೇ ಅವನ ಕಣ್ಣು ರಸ್ತೆಗೆ, ಅವನು ನೋಡಿದ ಕೂಡಲೇ ನನ್ನ ಕಣ್ಣು ಡಬ್ಬಿಗೆ.

"ಡಬ್ಬಿ ಗಟ್ಟಿ ಹಿಡೀರಿ, ಮುಂದ ತಗ್ಗು ಐತಿ."

"ಹಿಡಿದಿದ್ದೇನೆ. ನೀವು ಕನ್ನಡಿ ಬಿಟ್ಟು ರಸ್ತೆ ನೋಡಿ."

"ಹಿಂದಿನ ಗಾಡಿ ನೋಡಾಕತ್ತಿದ್ದೆ."

"ಹಿಂದೆ ಗಾಡಿ ಇಲ್ಲ. ಯಲ್ಲಾಪುರದಿಂದ ಇಲ್ಲಿವರೆಗೂ ಇಲ್ಲ."

ಅವನ ಕಿವಿ ಕೆಂಪಾಗುವುದು ಹೆಲ್ಮೆಟ್ಟಿನ ಕೆಳಗೂ ಕಾಣುತ್ತಿತ್ತು. ನನ್ನ ಕಿವಿ ಸೆರಗಿನೊಳಗಿತ್ತು, ಪುಣ್ಯ.

ಒಮ್ಮೆ ದಾರಿಯಲ್ಲಿ ಚಹಾ ಕುಡಿಯುವಾಗ ನಾನೇ ಅಂದೆ, "ನಿಮ್ಮ ವಿಜ್ಞಾನ ಏನೇ ಹೇಳಲಿ, ನಂಗೆ ಮೂವತ್ತೊಂದಾಯ್ತು. ಇನ್ನು ಈ ತಲೇಲಿ ಹೊಸದು ಎಂತದೂ ಹುಟ್ಟೋದಿಲ್ಲ."

ಅವನು ಲೋಟ ಕೆಳಗಿಟ್ಟು ನನ್ನನ್ನು ನೋಡಿದ. ಕನ್ನಡಿ ಇರಲಿಲ್ಲ, ರಸ್ತೆಯೂ ಇರಲಿಲ್ಲ, ಕಣ್ಣು ತಪ್ಪಿಸಲು ಅವನಿಗೆ ನೆವವೇ ಸಿಗಲಿಲ್ಲ. "ಸ್ಯಾಂಪಲ್ ಒಂದೇ ಆದ್ರ ಸಿದ್ಧಾಂತ ಮಾಡಬಾರದ್ರಿ," ಅಂದ ಮೆಲ್ಲಗೆ. ನಾನು ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಮರುವರ್ಷ ಎರಡನೇ ಸುತ್ತು ಶುರುವಾಯಿತು. ಈ ಸಲ ಫಾರಮ್ಮಿನಲ್ಲಿ ಕೊನೆಗೊಂದು ಪ್ರಶ್ನೆ ಹೆಚ್ಚಿಗೆ ಇತ್ತು: 'ಈ ಶಬ್ದಗಳನ್ನು ನಡುವೆ ಬೇರೆಲ್ಲಾದರೂ ಕೇಳಿದ್ದೀರಾ?' ಮೊದಲ ಮನೆಯಲ್ಲೇ ಅದನ್ನು ಕೇಳಿದ್ದಕ್ಕೆ ನಿವೃತ್ತ ಮಾಸ್ತರರೊಬ್ಬರು ನನ್ನ ಮೇಲೆ ಹರಿಹಾಯ್ದರು. "ಯಾನು ಕಾಪಿ ಹೊಡೆದೆ ಹೇಳಿ ಹೇಳ್ತ್ಯನೇ? ನಲವತ್ತು ವರ್ಷ ಪರೀಕ್ಷೆ ನಡೆಸಿದವ ಯಾನು." ಅವರ ಕಣ್ಣಲ್ಲಿ ನೀರು ಬಂತು. ಹಿರಿಯರನ್ನು ಹಾಗೆ ನೋಯಿಸುವುದು ನನ್ನಿಂದಾಗಲಿಲ್ಲ. ಮುಂದಿನ ಯಾವ ಮನೆಯಲ್ಲೂ ಆ ಪ್ರಶ್ನೆ ಕೇಳಲಿಲ್ಲ, ಅವನು ಬೈಕಿನ ಹತ್ತಿರ ಹೋದ ಮೇಲೆ 'ಇಲ್ಲ' ಎಂಬಲ್ಲಿ ಟಿಕ್ ಹಾಕುತ್ತಾ ಹೋದೆ. ವರ್ಷಕ್ಕೊಮ್ಮೆ ಓದುವ ಶಬ್ದಗಳನ್ನು ಇವರು ಬೇರೆಲ್ಲಿ ಕೇಳುತ್ತಾರೆ, ರೇಡಿಯೋದಲ್ಲಾ ಅಂತ ನನ್ನನ್ನೇ ಸಮಾಧಾನ ಮಾಡಿಕೊಂಡೆ.

ವೆಂಕಮ್ಮ ಈ ಸಲ ಹದಿಮೂರು ಹೇಳಿದಳು. ಮತ್ತಿಘಟ್ಟದ ಮಂಜಪ್ಪಣ್ಣ, ಎಪ್ಪತ್ತೆಂಟು ವರ್ಷದವನು, ಹದಿನೈದೂ ಹೇಳಿ ಇನ್ನಿದೆಯಾ ಅಂತ ಕೇಳಿದ. ಸೋಮಶೇಖರ ಹೊರಗೆ ಬಂದು ಅಂಗಳದಲ್ಲಿ ನಿಂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೈ ತೆಗೆದಾಗ ಹಬ್ಬದ ದಿನ ಹೊಸ ಅಂಗಿ ತೊಟ್ಟ ಹುಡುಗನ ಹಾಗೆ ಕಂಡ.

ಫೆಬ್ರವರಿ ಕೊನೆಗೆ ಬೆಂಗಳೂರಿನಿಂದ ಹಾರ್ಮೋನಿನ ಅಂಕಿಗಳು ಬಂದವು. ರಕ್ತದಲ್ಲಿ ಅದು ಜಾಸ್ತಿ ಇದ್ದವರ ನೆನಪೇ ವರ್ಷದಲ್ಲಿ ಏರಿತ್ತು. ಕಡಿಮೆ ಇದ್ದವರದು ಇದ್ದಲ್ಲೇ ಇತ್ತು. ಅವನು ಸಂಶೋಧನೆಯ ಪೇಪರ್ ಬರೆಯಲು ಕೂತ. ಅದರ ಸುದ್ದಿ ಹೋದದ್ದೇ ತಡ, ಜಪಾನಿನ ಲ್ಯಾಬೊಂದು ಅವನಿಗೆ ಮೂರು ವರ್ಷದ ಕೆಲಸ ಕೊಡುವುದಾಗಿ ಬರೆಯಿತು. ಪೇಪರ್ ಅಚ್ಚಿಗೆ ಕಳಿಸಿದ ಕೂಡಲೇ ಹೊರಡಬೇಕು.

ಅದನ್ನು ನನಗೆ ಹೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತ. ಏನೋ ಕಾಯುತ್ತಿದ್ದ. ನನಗೂ ಗೊತ್ತಿತ್ತು. ಆದರೆ ಹೊರಟ ಗಂಡಸಿನ ಕಾಲಿಗೆ ಅಡ್ಡ ಬಿದ್ದವಳು ಅನ್ನಿಸಿಕೊಳ್ಳುವ ಜಾತಿಯವಳಲ್ಲ ನಾನು. ಒಳಗೆ ಕುದಿಯುತ್ತಿದ್ದದ್ದು ಬೇರೆಯೇ ಮಾತಾಗಿ ಹೊರಗೆ ಬಂತು.

"ಆ ನಿಮ್ಮ ಪೇಪರಿಗೆ ಬೆಂಕಿ ಬೀಳಲಿ," ಅಂದೆ.

ತಮಾಷೆ ಅಂತ ಅವನು ನಗಲು ನೋಡಿದ. ನಗು ಅರ್ಧಕ್ಕೆ ನಿಂತಿತು. ಆಮೇಲೆ ಏಪ್ರಿಲ್‌ವರೆಗೂ ನಾವು ಬರೀ ಕೆಲಸದ ಮಾತಾಡಿದೆವು. ಅವನು ಯಲ್ಲಾಪುರದ ಬಾಡಿಗೆ ಕೋಣೆಯಲ್ಲಿ ಕೂತು ಪೇಪರ್ ತಿದ್ದುತ್ತಿದ್ದ. ಬರುವ ಗುರುವಾರ ಅದನ್ನು ಕಳಿಸುವುದು ಅಂತ ನಿಕ್ಕಿಯಾಯಿತು.

ಅದರ ಹಿಂದಿನ ಭಾನುವಾರ ಸೋಂದೆಯಲ್ಲಿ ಉಪನಯನ. ಆಯಿಯ ಕಡೆ ನೆಂಟರು, ಹೋಗಲೇಬೇಕು. ಊಟಕ್ಕೆ ವೆಂಕಮ್ಮ ನನ್ನನ್ನು ಕೈಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಆಯಿ ಎದುರಿನ ಸಾಲಿನಲ್ಲಿದ್ದಳು.

ಹೋಳಿಗೆ ಬರುವ ಹೊತ್ತಿಗೆ ಗ್ರಂಥ ಶುರುವಾಯಿತು. ನಮ್ಮಲ್ಲಿ ಪಂಕ್ತಿಗೆ ಕೂತವರು ಊಟದ ನಡುವೆ ಸರದಿಯ ಮೇಲೆ ರಾಗವಾಗಿ ಶ್ಲೋಕ ಹೇಳುತ್ತಾರೆ, ಅದಕ್ಕೆ ಗ್ರಂಥ ಹೇಳುವುದು ಎನ್ನುತ್ತೇವೆ. ಒಬ್ಬರದು ಮುಗಿದರೆ ಪಂಕ್ತಿಯೆಲ್ಲ 'ಹರಹರ ಮಹಾದೇವ' ಎನ್ನುತ್ತದೆ. ಗಂಡಸರ ಸಾಲಿನಲ್ಲಿ ಇಬ್ಬರು ಹೇಳಿದರು. ಮೂರನೆಯವನು ಮತ್ತಿಘಟ್ಟದ ಮಂಜಪ್ಪಣ್ಣ. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ದೇವರ ಸ್ತೋತ್ರದ ಧಾಟಿಯಲ್ಲೇ ಎತ್ತಿಕೊಂಡ.

"ಕೊಡೆ ಮೂಗು ತೋಟ ಗಂಟೆ, ಕಾಫಿ ಶಾಲೆ ಟೋಪಿ ಒಂಟೆ, ಹೊಳೆ ಬಣ್ಣ ನವಿಲು ದೀಪ, ಕುರ್ಚಿ ಚಂದ್ರ ತುಪ್ಪ..."

ಅಲ್ಲಲ್ಲಿ ಹತ್ತಾರು ಮುದಿ ದನಿಗಳು ಅವನ ಜೊತೆಗೂಡಿದವು. 'ತುಪ್ಪ' ಬಂದ ಕೂಡಲೇ ಬಡಿಸುವವರು ನಗುತ್ತಾ ತುಪ್ಪದ ಗಿಂಡಿ ತಂದರು. ಹರಹರ ಮಹಾದೇವ.

ನನ್ನ ಕೈ ಎಲೆಯ ಮೇಲೇ ನಿಂತಿತು.

"ಅಮ್ಮಮ್ಮ, ಇದನ್ನ ಯಾರು ಕಟ್ಟಿದ್ದು?"

"ಮಂಜಪ್ಪನೇ ಕಟ್ಟಿದ್ದ. ಹೋದ ವರ್ಷ ತ್ಯಾಗಲಿ ಮದುವೆ ಮನೇಲಿ ಎಲ್ಲ ಸೇರಿದಾಗ ಒಬ್ಬಂಗೆ ನಾಲ್ಕು ನೆನಪಿತ್ತು, ಒಬ್ಬಂಗೆ ಐದು. ಕೂಡಿಸಿದ್ರೆ ಹದಿನೈದೂ ಸಿಕ್ತು. ಇವ ಅದಕ್ಕೆ ಪ್ರಾಸ ಹಾಕಿದ. ಈಗ ಎಲ್ಲಿ ಊಟ ಆದ್ರೂ ಇದು ಇದ್ದು." ವೆಂಕಮ್ಮ ದನಿ ತಗ್ಗಿಸಿದಳು. "ನೀ ಮತ್ತೆ ಬಪ್ಪದ್ರೊಳಗೆ ಕಲ್ತ್ಕಳವು ಹೇಳಿ ಎಲ್ಲರೂ ಕಲ್ತ. ಪಾಪ, ಆ ಹುಡುಗನ ಪರೀಕ್ಷೆ ಅಲ್ದಾ ಕೂಸೇ? ಪಾಸಾಗ್ಲಿ ಹೇಳಿ."

ನಾನು ಪಂಕ್ತಿಯುದ್ದಕ್ಕೂ ಕಣ್ಣಾಡಿಸಿದೆ. ನಮ್ಮ ಪಟ್ಟಿಯ ಎಷ್ಟೊಂದು ಜನ ಅಲ್ಲಿದ್ದರು. ನಡೆಯಬಲ್ಲವರು, ಬಸ್ಸು ಹತ್ತಬಲ್ಲವರು, ಎರಡು ಹೋಳಿಗೆ ಅರಗಿಸಿಕೊಳ್ಳಬಲ್ಲವರು. ಹಾರ್ಮೋನು ಜಾಸ್ತಿ ಇದ್ದದ್ದು ಇವರಿಗೇ. ಮಂಡಿ ಹೋದವರು, ಹಾಸಿಗೆ ಹಿಡಿದವರು ಮನೆಯಲ್ಲೇ ಇದ್ದರು. ಅವರಿಗೆ ಪಂಕ್ತಿಯೂ ಇಲ್ಲ, ಹಾಡೂ ಇಲ್ಲ. ಎರಡನೇ ಸುತ್ತಿನಲ್ಲಿ ಅಂಕ ಏರಿದ್ದು ಹೊಸ ನರಕೋಶಗಳಿಂದ ಅಂತ ಇನ್ನು ಹೇಳುವ ಹಾಗಿರಲಿಲ್ಲ. ಮದುವೆ ಊಟದಿಂದಲೇ ಏರಿರಬಹುದಿತ್ತು. ಅದನ್ನು ಹಿಡಿದುಕೊಡಬೇಕಿದ್ದ ಒಂದೇ ಪ್ರಶ್ನೆಗೆ ಇನ್ನೂರು ಚಿಲ್ಲರೆ ಸುಳ್ಳು ಟಿಕ್ ಹಾಕಿದವಳು ನಾನು.

ಆ ಕ್ಷಣ ನನಗೆ ಮೊದಲು ಏನನ್ನಿಸಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಸಂತೋಷವಾಯಿತು. ಅವನು ಇನ್ನು ಹೋಗುವುದಿಲ್ಲ ಅಂತ ಒಳಗೆಲ್ಲೋ ದೀಪ ಹಚ್ಚಿದ ಹಾಗಾಯಿತು. ಅದರ ಹಿಂದೆಯೇ ನನ್ನ ಬಗ್ಗೆ ನನಗೇ ಹೇಸಿಗೆ ಬಂತು. ಎಲೆಯಲ್ಲಿ ಹೋಳಿಗೆ ಹಾಗೇ ಇತ್ತು. ಹಿರಿಯರು ಏಳುವ ಮೊದಲು ಪಂಕ್ತಿಯಿಂದ ಏಳುವುದು ನಮ್ಮಲ್ಲಿ ದೊಡ್ಡ ಅಪಚಾರ. ನಾನು ಎದ್ದೆ. ಎದುರಿನಿಂದ ಆಯಿ ಕಣ್ಣಲ್ಲೇ ಸುಟ್ಟಳು.

ಮಧ್ಯಾಹ್ನವೇ ಶಿರಸಿಗೆ ಬಂದು ಲ್ಯಾಬಿನ ಬೀಗ ತೆಗೆದು ಫಾರಮ್ಮುಗಳನ್ನು ಹರಡಿಕೊಂಡೆ. ನಾನು ಮನೆಮನೆಯಲ್ಲಿ ಓದಿದ ಪಟ್ಟಿಯಲ್ಲಿ ಒಂಟೆ ಎರಡನೆಯದು, ಕೊಡೆ ಹನ್ನೊಂದನೆಯದು. ಆದರೆ ಎರಡನೇ ಸುತ್ತಿನಲ್ಲಿ ಎಂಬತ್ತಮೂರು ಜನ ಶುರುಮಾಡಿದ್ದು ಕೊಡೆ, ಮೂಗು, ತೋಟ, ಗಂಟೆ ಅಂತಲೇ. ನನ್ನದೇ ಕೈಬರಹ. ಬರೆದುಕೊಳ್ಳುವಾಗ ನಾನು ಶಬ್ದ ಎಣಿಸಿದ್ದೆ, ಕ್ರಮ ನೋಡಿರಲಿಲ್ಲ. ಒಲೆಗೆ ಹಾಕಿದರೆ ಹತ್ತು ನಿಮಿಷದ ಕೆಲಸ, ಅವನು ಜಪಾನಿಗೆ, ನಾನು ನನ್ನ ಸೂಜಿಗಳ ಜೊತೆ ಇಲ್ಲೇ. ಹೇಳಿದರೆ ಅವನ ಎರಡು ವರ್ಷ ಮಣ್ಣು. ಮೇಲಾಗಿ ಅವನು ನಂಬುವುದಿಲ್ಲ. ಬೆಂಕಿ ಬೀಳಲಿ ಅಂದವಳು ಬೆಂಕಿ ಹಿಡಿದುಕೊಂಡೇ ಬಂದಳು ಅಂದುಕೊಳ್ಳುತ್ತಾನೆ.

ಮರುದಿನ ಏಳು ಗಂಟೆಯ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆ. ಮೂವತ್ತು ಮೈಲಿಯಲ್ಲಿ ಎರಡು ಸಲ ಇಳಿದುಬಿಡಬೇಕು ಅನ್ನಿಸಿತು.

ಅವನು ಕೋಣೆಯ ಮುಂದಿನ ಜಗುಲಿಯಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ನನ್ನನ್ನು ಕಂಡು ಮುಖ ಅರಳಿತು. ಒಂದೂವರೆ ತಿಂಗಳಿಂದ ಆ ಮುಖ ಕಂಡಿರಲಿಲ್ಲ ನಾನು.

"ಬರ್ರಿ, ಬರ್ರಿ. ಬೀಳ್ಕೊಡಾಕ ಬಂದ್ರೇನು?"

"ಕೂತ್ಕೊಳ್ಳಿ. ಒಂದು ವಿಷಯ ಹೇಳಬೇಕು. ಮುಗಿಯೋವರೆಗೆ ಮಾತಾಡಬೇಡಿ."

ಹೇಳಿದೆ. ಗ್ರಂಥ, ಪ್ರಾಸ, ಮದುವೆ ಮನೆ, ಕೊನೆಯ ಪ್ರಶ್ನೆ, ನನ್ನ ಟಿಕ್ಕುಗಳು. ಫಾರಮ್ಮುಗಳನ್ನು ಅವನ ಮುಂದಿಟ್ಟೆ. ಅವನು ಒಂದೊಂದನ್ನೇ ತಿರುವಿದ. ಐವತ್ತರ ಹತ್ತಿರ ಬಂದಾಗ ನಿಲ್ಲಿಸಿದ.

"ಯಾವಾಗ ಗೊತ್ತಾತು?"

"ನಿನ್ನೆ."

"ನಿನ್ನೆ." ಅವನು ಅದನ್ನೇ ಇನ್ನೊಮ್ಮೆ ಹೇಳಿದ. "ಎರಡು ವರ್ಷ ಗೊತ್ತಾಗಲಿಲ್ಲ. ನಾ ಹೊಂಟೀನಿ ಅಂದ ಮ್ಯಾಲ ಗೊತ್ತಾತು. ಪೇಪರಿಗೆ ಬೆಂಕಿ ಬೀಳಲಿ ಅಂದಿದ್ರಿ ನೀವು."

"ಅಂದಿದ್ದೆ."

"ಮತ್ತ ಈಗ ನಾ ಏನು ತಿಳೀಬೇಕ್ರಿ?"

ಅಳು ಬರುತ್ತಿತ್ತು, ಅತ್ತರೆ ಅದೂ ನಾಟಕವಾಗುತ್ತದೆ ಅಂತ ತುಟಿ ಕಚ್ಚಿಕೊಂಡೆ.

ಅವನು ಎದ್ದು ಜಗುಲಿಯಲ್ಲಿ ಆಚೆಯಿಂದೀಚೆ ನಡೆದ. "ಹಾಡು ಕಲ್ತಾರ ಅಂತ ಅವರ ನೆನಪು ಸುಳ್ಳೇನೂ ಅಲ್ಲ. ಹಾರ್ಮೋನ್ ಜಾಸ್ತಿ ಇದ್ದವರು ಖರೇನ ಚುರುಕು ಇರಬಹುದು. ಅದಕ್ಕ ಹಾಡೂ ಲಗೂನ ಕಲ್ತಿರಬಹುದು. ಅಲ್ಲೇನು?"

"ಇರಬಹುದು. ನೋಡಿಬಿಡಿ. ಹೊಸ ಹದಿನೈದು ಶಬ್ದ ನೀವೇ ಬರೆಯಿರಿ. ನಂಗೆ ತೋರಿಸಬೇಡಿ. ಹಾಡಿನವರ ಮನೆಗೂ ಹೋಗಿ, ಹಾಸಿಗೆ ಹಿಡಿದವರ ಮನೆಗೂ ಹೋಗಿ. ಇನ್ನೂ ಮೂರು ದಿನ ಇದೆ. ನಾನು ಬರೋದಿಲ್ಲ. ಯಾರಿಗೂ ಫೋನೂ ಮಾಡೋದಿಲ್ಲ."

"ನೀವಿಲ್ಲದ ಹೆಂಗ ಹೋಗ್ಲಿ?"

ಬಾಯ್ತಪ್ಪಿ ಬಂದ ಮಾತು. ಇಬ್ಬರೂ ಅದನ್ನು ಕೇಳಿಸಿಕೊಳ್ಳದವರ ಹಾಗೆ ನಿಂತೆವು. ಆಮೇಲೆ ಅವನು ಫಾರಮ್ಮುಗಳನ್ನು ಎತ್ತಿಕೊಂಡು ಒಳಗೆ ಹೋದ. ಹೋಗಿ ಬನ್ನಿ ಅಂತಲೂ ಅನ್ನಲಿಲ್ಲ.

ಆ ಮೂರು ದಿನ ಲ್ಯಾಬಿನಲ್ಲಿ ಇಬ್ಬರಿಗೆ ಎರಡನೇ ಸಲ ಸೂಜಿ ಚುಚ್ಚಿದೆ. ಅವನು ಎಲ್ಲಿದ್ದಾನೋ, ಯಾರ ಚಾಪೆಯ ಮೇಲೆ ಕೂತಿದ್ದಾನೋ, ಅಥವಾ ಯಾವ ಮನೆಗೂ ಹೋಗದೆ ಪೇಪರ್ ಕಳಿಸಿಯೇ ಬಿಟ್ಟನೋ ಗೊತ್ತಿರಲಿಲ್ಲ. ಕಳಿಸಿದರೆ ಅವನನ್ನು ತಡೆಯುವವರು ಯಾರೂ ಇರಲಿಲ್ಲ. ಮಂಗಳವಾರ ಕೂತು ಅವನ ಗೈಡಿಗೊಂದು ಕಾಗದ ಬರೆದೆ: ತಪ್ಪು ನನ್ನದು, ಪ್ರಶ್ನೆ ಕೇಳದೆ ಟಿಕ್ ಹಾಕಿದವಳು ನಾನು, ಅವರಿಗೆ ಇದು ತಿಳಿದಿರಲಿಲ್ಲ. ಕೆಳಗೆ ಸಹಿ ಮಾಡುವ ಜಾಗ ಬಿಟ್ಟು ಮಡಚಿಟ್ಟೆ.

ಆಯಿ ಎರಡು ದಿನ ಮಾತಾಡಿರಲಿಲ್ಲ. ಬುಧವಾರ ಬೆಳಿಗ್ಗೆ ದೋಸೆ ಹಾಕುತ್ತಾ ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ಎಂತ ಆಜೆ ನಿಂಗೆ? ಆ ಗದಗೋ ಹಾವೇರಿಯೋ ಕಡೆಯ ಹುಡುಗನ ಸುದ್ದಿಯನೇ?"

"ಹಾವೇರಿ," ಅಂದೆ.

ಆಯಿ ದೋಸೆ ಮಗುಚಿದಳು. ನನ್ನ ತಟ್ಟೆಗೆ ಒಂದು ದೋಸೆ ಹೆಚ್ಚಿಗೆ ಬಿತ್ತು.

ಸಂಜೆ ಐದಕ್ಕೆ ಅವನು ಬಂದ. ಲ್ಯಾಬಿನಲ್ಲಿ ಕೊನೆಯ ರೋಗಿ ಹೋಗುವವರೆಗೆ ಬಾಗಿಲ ಹೊರಗೇ ನಿಂತಿದ್ದ. ಮೂರು ದಿನದ ಗಡ್ಡ, ಅಂಗಿಯ ತುಂಬ ಕೆಂಪು ಧೂಳು. ಒಳಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ, ರಕ್ತ ಕೊಡುವವರು ಕೂರುವ ಕುರ್ಚಿಯಲ್ಲಿ, ಕೂತ.

"ಇಪ್ಪತ್ತಾರು ಮನಿ. ಹಾಡು ಬರೋರು ಹದಿನಾಲ್ಕು, ಬಾರದವರು ಹನ್ನೆರಡು." ದನಿ ಒಡೆದಿತ್ತು. "ವ್ಯತ್ಯಾಸ ಏನೂ ಇಲ್ಲ. ವೆಂಕಮ್ಮಜ್ಜಿ ಐದು ಹೇಳಿದ್ಲು. ಮಂಜಪ್ಪನವರು ನಾಲ್ಕು."

ನನ್ನ ಮಾತು ನಿಜವಾಯಿತು ಅಂತ ಒಂದು ಚೂರೂ ಗೆದ್ದ ಹಾಗೆ ಅನ್ನಿಸಲಿಲ್ಲ.

"ಅಂದ್ರೆ ಹಾರ್ಮೋನಿಗೂ ಹೊಸ ನರಕೋಶಕ್ಕೂ ಸಂಬಂಧ ಇಲ್ವಾ?"

"ಐತಿ ಅಂತ ಹೇಳಾಕ ಬರೂದಿಲ್ಲ. ಇಲ್ಲ ಅಂತ ಹೇಳಾಕೂ ಬರೂದಿಲ್ಲ. ಮತ್ತ ಮೊದಲಿಂದ ಮಾಡಬೇಕು. ಗೈಡಿಗೆ ಫೋನ್ ಮಾಡಿ ಪೇಪರ್ ಕಳಿಸೂದಿಲ್ಲ ಅಂದೆ. ಜಪಾನಿಗೂ ಬರದೆ. ಆ ಜಾಗ ಬ್ಯಾರೆಯವರಿಗೆ ಹೋಗತೈತಿ."

ನಾನು ಡ್ರಾಯರಿನಿಂದ ಕಾಗದ ತೆಗೆದು ಕೊಟ್ಟೆ. ಅವನು ಓದಿದ, ಎರಡು ಸಲ. ಹರಿದು ಹಾಕುತ್ತಾನೆ ಅಂದುಕೊಂಡೆ. ಹರಿಯಲಿಲ್ಲ.

"ಇದನ್ನ ಕಳಿಸ್ತೀನಿ. ತಪ್ಪು ನಿಮ್ಮದು ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಒಂದೇ ಪಟ್ಟಿ ಎರಡು ಸಲ ಓದಿಸಿದವ ನಾನು. ಅದನ್ನೂ ಬರೀರಿ. ಇಬ್ಬರೂ ಸಹಿ ಮಾಡೋಣು."

ಬರೆದೆ. ಬರೆಯುವಾಗ ಅವನು ಮೇಜಿನ ಮೇಲಿನ ಹತ್ತಿಯ ಉಂಡೆಯೊಂದನ್ನು ಬೆರಳಲ್ಲಿ ಉರುಳಿಸುತ್ತಿದ್ದ.

"ವೆಂಕಮ್ಮಜ್ಜಿ ನನಗ ಬೈದ್ಲು," ಅಂದ. "ನಿಮ್ಮನ್ನ ಯಾಕ ಕರ್ಕೊಂಡು ಬಂದಿಲ್ಲ ಅಂತ. ಇದ್ದದ್ದು ಹೇಳಿದೆ, ನನ್ನ ಹಿಡಿದಿಡಾಕ ಪರಿಮಳಾ ಸುಳ್ಳು ಹೇಳ್ಯಾಳೇನೋ ಅಂತ ಸಂಶಯ ಐತಿ ಅಂದೆ. ಅಜ್ಜಿ ಏನಂದ್ಲು ಗೊತ್ತೈತೇನು? ಆ ಕೂಸು ಹಾಡು ಕೇಳಿದ್ದೇ ಹೋಳಿಗೆ ಬಿಟ್ಟು ಪಂಕ್ತಿಯಿಂದ ಎದ್ದು ಹೋದ್ಲು. ನೀ ಉಳೀತಿ ಅಂತ ಖುಷಿ ಇದ್ದವಳು ಎರಡು ಹೋಳಿಗೆ ತಿಂತಿದ್ಲು ಅಂದ್ಲು." ಅವನು ಮೇಲೆ ನೋಡಿದ. "ನನಗ ನಾಚಿಕಿ ಆತ್ರಿ."

ಅವನ ಕಣ್ಣಲ್ಲಿ ನಾನು ಒಳ್ಳೆಯವಳಾಗಿಬಿಟ್ಟಿದ್ದೆ. ಅಲ್ಲೇ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಇನ್ನೊಂದು ಸುಳ್ಳು ಟಿಕ್ ಹಾಕಲು ನನ್ನ ಕೈ ಬರಲಿಲ್ಲ.

"ಅಮ್ಮಮ್ಮ ನೋಡಿದ್ದು ಆಮೇಲಿಂದು," ಅಂದೆ. "ಹಾಡು ಕೇಳಿದಾಗ ಮೊದಲು ನಂಗೆ ಖುಷಿಯೇ ಆಯ್ತು. ನೀವು ಹೋಗೋದಿಲ್ಲ ಅಂತ. ಆ ಖುಷಿಗೆ ಹೇಸಿಗೆ ಆಗಿ ಎದ್ದೆ."

ಅವನು ನನ್ನನ್ನೇ ನೋಡಿದ. ಮುಗಿಯಿತು ಅಂದುಕೊಂಡೆ.

"ಅದನ್ನ ಹೇಳಬೇಕಾಗಿರಲಿಲ್ಲ," ಅಂದ.

"ಗೊತ್ತು."

"ನಾ ಇನ್ನೂ ಸಿಟ್ಟಿನಾಗ ಅದೀನಿ, ಪರಿಮಳಾ. ಎರಡು ವರ್ಷ ಹೋತು. ಈ ಸಿಟ್ಟು ಎಂಟು ದಿನ ಇರತೈತಿ, ಹದಿನೈದು ದಿನಾನೂ ಇರಬಹುದು." ಹತ್ತಿಯ ಉಂಡೆಯನ್ನು ಮೇಜಿನ ಮೇಲಿಟ್ಟ. "ಇಳಿದ ಮ್ಯಾಲ ಕೇಳಿದ್ರ ನೀನು ದಯೆ ಅಂತ ತಿಳೀತಿ. ಅದಕ್ಕ ಸಿಟ್ಟಿನಾಗ ಇದ್ದಾಗ್ಲೇ ಕೇಳ್ತೀನಿ. ನಾಳೆ ನಮ್ಮವ್ವ ಬರ್ತಾಳ, ಗುರುಶಾಂತವ್ವ ಅಂತ. ಜಪಾನಿಗೆ ಹೊಂಟ ಮಗನಿಗೆ ರೊಟ್ಟಿ ಕಟ್ಟಿಕೊಂಡು ಬರ್ತಾಳ. ಅಕಿಗೆ ಏನು ಹೇಳ್ಲಿ?"

ನೀವು ಹೋಗಿ ನೀನು ಬಂದದ್ದು ಅವನಿಗೆ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಗಿ ಕಿವಿಯವರೆಗೂ ಬಿಸಿಯಾಯಿತು. ಈ ಸಲ ತಲೆಯ ಮೇಲೆ ಸೆರಗಿರಲಿಲ್ಲ.

"ಹೋಗೋದಿಲ್ಲ ಅಂತ ಹೇಳಿ."

"ಯಾಕ ಅಂತ ಕೇಳ್ತಾಳ. ಪೇಪರ್ ಕೆಟ್ಟಿತು ಅಂದ್ರ ಇನ್ನೊಂದು ಬರಿ, ಹೋಗು ಅಂತಾಳ. ನಮ್ಮವ್ವ ಬಿಡೋ ಪೈಕಿ ಅಲ್ಲ."

ನಾನು ಕಾಗದದ ಕೆಳಗೆ ನನ್ನ ಹೆಸರು ಬರೆದೆ. ಪಕ್ಕದಲ್ಲಿ ಅವನ ಹೆಸರಿಗೆ ಜಾಗ ಬಿಟ್ಟು ಪೆನ್ನನ್ನು ಅವನ ಕೈಗೆ ಕೊಟ್ಟೆ. ಕೊಟ್ಟ ಮೇಲೆ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

"ಪೇಪರಿನ ಸುದ್ದಿ ಬೇಡ," ಅಂದೆ. "ಶಿರಸಿಯಲ್ಲಿ ಪರಿಮಳಾ ಅಂತ ಒಬ್ಬಳು ಇದ್ದಾಳೆ, ಅವಳು ಇರು ಅಂದಳು ಅಂತ ಹೇಳಿ."